ಹೆಸರಿನ ಮುಂದಿನ ಅಡ್ಡಗೀಟು

ಭಾನುವಾರ ಬೆಳಗ್ಗೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಅವಳು ಮಂಚದ ತುದಿಯಲ್ಲಿ ಕೂತು ಎಡಗಾಲಿನ ಶೂ ಲೇಸನ್ನು ಮೂರನೇ ಸಲ ಬಿಚ್ಚಿ ಕಟ್ಟುತ್ತಿದ್ದಳು. ಮೊದಲ ಸಲ ಬಿಗಿಯಾಗಿತ್ತು, ಎರಡನೇ ಸಲ ಸಡಿಲವಾಗಿತ್ತು. ಓಟ ಇದ್ದದ್ದು ಒಂಬತ್ತೂಕಾಲಿಗೆ. ಮೈದಾನಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಇಷ್ಟು ಬೇಗ ಶೂ ಹಾಕಿಕೊಂಡು ಕೂರುವ ಅಗತ್ಯ ಇರಲಿಲ್ಲ. ಇಷ್ಟು ಬೇಗ ಯಾಕೆ ಎಂದು ಕೇಳುವವರೂ ಆ ಕೋಣೆಯಲ್ಲಿ ಇರಲಿಲ್ಲ.

ಕೋಣೆ ಒಂದು ಹೊಲಿಗೆ ಅಂಗಡಿಯ ಮೇಲಿತ್ತು. ವಾರದ ದಿನಗಳಲ್ಲಿ ನೆಲದಡಿಯಿಂದ ಮಿಷನ್ನುಗಳ ಸದ್ದು ಬರುತ್ತಿತ್ತು. ಭಾನುವಾರ ಅದೂ ಇಲ್ಲ. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ. ಎರಡನೇ ಕುರ್ಚಿಯ ಮೇಲೆ ಯಾರೂ ಕೂತದ್ದಿಲ್ಲ. ಅದರ ಮೇಲೆ ಹನ್ನೊಂದು ನೋಟ್‌ಬುಕ್ಕುಗಳಿದ್ದವು, ಸೀಸನ್ನಿಗೆ ಒಂದರಂತೆ.

ಅವಳಿಗೆ ಮೂವತ್ತೊಂಬತ್ತು ವರ್ಷ. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ. ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಟ್ಟು, ಬಣ್ಣ ತಿರುಗುವ ಹನಿಯಲ್ಲಿ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಉಳಿದವರು ಒಂದು ಹನಿ ತಾನೇ ಎಂದು ಬರೆದುಬಿಡುತ್ತಿದ್ದರು. ಅವಳು ಚೆಲ್ಲುತ್ತಿದ್ದಳು.

ಭಾನುವಾರಗಳನ್ನು ಅವಳು ಕಾಲೇಜುಗಳ ದೂರದ ಓಟಗಳಿಗೆ ಕೊಟ್ಟಿದ್ದಳು. ಹನ್ನೊಂದು ಸೀಸನ್ನು ಅದೇ ಮೈದಾನ, ಅದೇ ಮೂರನೇ ಮೆಟ್ಟಿಲು. ಎಲ್ಲರೂ ತಮ್ಮ ಕಾಲೇಜಿನ ಹೆಸರು ಕೂಗಿ ಗಂಟಲು ಹರಿದುಕೊಳ್ಳುವಾಗ ಅವಳು ಬಾಯಿ ತೆರೆಯುತ್ತಿರಲಿಲ್ಲ. ಒಬ್ಬೊಬ್ಬರು ಗೆರೆ ದಾಟಿದಾಗಲೂ ಸೆಕೆಂಡು ಬರೆಯುತ್ತಿದ್ದಳು. ಸೀಸನ್ನಿನ ಆರಂಭದಲ್ಲಿ ಎಲ್ಲರೂ ಮೊದಲ ಎರಡು ಸುತ್ತನ್ನು ಊರಿಗೆ ಬೆಂಕಿ ಬಿದ್ದಂತೆ ಓಡುತ್ತಾರೆ. ನಡುವಿನ ತಿಂಗಳುಗಳಲ್ಲಿ ಬುದ್ಧಿ ಬರುತ್ತದೆ. ಕೊನೆಯ ಓಟದ ಹೊತ್ತಿಗೆ ಬುದ್ಧಿ ಇರುತ್ತದೆ, ಕಾಲು ಇರುವುದಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು ಎಂದು ಪ್ರತಿ ವರ್ಷ ಅನ್ನಿಸುತ್ತಿತ್ತು. ಪಕ್ಕದಲ್ಲಿ ಕೂತವರು ಕಡಲೆಕಾಯಿ ಬಿಡಿಸುತ್ತಿರುತ್ತಿದ್ದರು. ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ಮುಚ್ಚುತ್ತಿದ್ದಳು.

ಮೂರು ವರ್ಷದಿಂದ ಅವಳ ಕಣ್ಣು ಇದ್ದದ್ದು ಒಬ್ಬ ಹುಡುಗಿಯ ಮೇಲೆ. ನೋಟ್‌ಬುಕ್ಕಿನಲ್ಲಿ ಆ ಹುಡುಗಿಯ ಹೆಸರು ಉದ್ದಜಡೆ.

ನೋಟ್‌ಬುಕ್ಕು ಬರೆಯುವ ಇವಳೂ ಒಂದು ಕಾಲದಲ್ಲಿ ಅದೇ ಮೈದಾನದಲ್ಲಿ ಓಡಿದವಳೇ. ಇಪ್ಪತ್ತನೇ ವಯಸ್ಸು, ಕಾಲೇಜಿನ ಕೊನೆಯ ವರ್ಷ, ಐದು ಸಾವಿರ ಮೀಟರು. ನಾನೂರು ಮೀಟರಿನ ಮೈದಾನದಲ್ಲಿ ಆ ದೂರಕ್ಕೆ ಹನ್ನೆರಡೂವರೆ ಸುತ್ತು. ಹಾಗಾಗಿ ಓಟ ಶುರುವಾಗುವುದು ಎದುರು ಬದಿಯಿಂದ, ಮೊದಲು ಅರ್ಧ ಸುತ್ತು. ಓಟ ಮುಗಿಯುವ ಗೆರೆಯನ್ನು ದಾಟುವುದು ಮಾತ್ರ ಹದಿಮೂರು ಸಲ. ಅವಳು ಆ ದಿನ ದಾಟಿದ್ದನ್ನು ಎಣಿಸಿದಳು. ಮೊದಲ ಅರ್ಧ ಸುತ್ತನ್ನೂ ಒಂದು ಎಂದು ಹಿಡಿದಳು. ಹನ್ನೆರಡನೇ ಸಲ ಎಲ್ಲರಿಗಿಂತ ನಲವತ್ತು ಮೀಟರು ಮುಂದೆ ಇದ್ದವಳು, ಜೀವ ಬಿಟ್ಟು ಓಡಿ, ಹನ್ನೆರಡಾಯಿತು, ಮುಗಿಯಿತು ಎಂದು ಗೆರೆಯಲ್ಲಿ ಕೈ ಎತ್ತಿ, ಓಟದ ದಾರಿಯಿಂದ ಹುಲ್ಲಿನ ಮೇಲೆ ಹೋಗಿ ಬಿದ್ದಳು. ಕೊನೆಯ ಸುತ್ತಿನ ಗಂಟೆ ಹೊಡೆಯುತ್ತಿತ್ತು. ಅದು ತನ್ನ ಗೆಲುವಿನ ಗಂಟೆ ಎಂದುಕೊಂಡಳು. ಉಳಿದವರು ಅವಳ ಪಕ್ಕದಿಂದಲೇ ಓಡಿಹೋದರು. ಆಮೇಲೆ ಮೆಟ್ಟಿಲುಗಳಿಂದ ನಗು ಬಂತು.

ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಸಮಯ ಇರಲಿಲ್ಲ, ಅಡ್ಡಗೀಟು ಇತ್ತು. ಆ ತಿಂಗಳೇ ಅಪ್ಪ ಹಾಸಿಗೆ ಹಿಡಿದರು. ಅವಳು ಪರೀಕ್ಷೆ ಬಿಟ್ಟು ಕೆಲಸಕ್ಕೆ ಸೇರಿದಳು. ಅಪ್ಪನ ಕಾಯಿಲೆಗೆ ಕಾಲೇಜು ಬಿಟ್ಟಳು ಎಂದೇ ಎಲ್ಲರೂ ಹೇಳಿದರು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಈ ವರ್ಷ ಅದೇ ಕಾಲೇಜು, ನಡುವೆ ಬಿಟ್ಟವರಿಗೆಂದು ಸಂಜೆ ತರಗತಿ ಶುರುಮಾಡಿತು. ಅವಳು ಫಾರಂ ತುಂಬಿದಳು. ಗುರುತಿನ ಚೀಟಿ ಕೈಗೆ ಬಂದ ದಿನವೇ ಕ್ರೀಡಾ ಕೋಣೆಯ ಬಾಗಿಲು ತಟ್ಟಿದಳು. ಈಗಿನ ಪಿ.ಟಿ. ಮೇಷ್ಟ್ರು ಅವಳಿಗಿಂತ ಆರು ವರ್ಷ ಚಿಕ್ಕವರು.

"ಬನ್ನಿ ಮೇಡಮ್. ಮಗಳನ್ನ ಟೀಮಿಗೆ ಸೇರಿಸ್ಬೇಕಾ?"

"ಮಗಳಿಲ್ಲ. ನನ್ನನ್ನೇ. ಐದು ಸಾವಿರ ಮೀಟರಿಗೆ."

ಮೇಷ್ಟ್ರು ನಿಯಮದ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದರು. "ವಯಸ್ಸಿನ ಮಾತೇ ಇಲ್ವಲ್ಲ ಇದರಲ್ಲಿ!"

"ನಾಲ್ಕನೇ ಪುಟ ನೋಡಿ. ಕಾಲೇಜಿಗೆ ಸೇರಿರ್ಬೇಕು, ಅಷ್ಟೇ."

"ಇದನ್ನ ಬರೆದವರಿಗೆ ನೀವು ಬರ್ತೀರಿ ಅಂತ ಕನಸೂ ಬಿದ್ದಿರಲ್ಲ ಬಿಡಿ," ಎಂದು ನಕ್ಕು ಅವರು ಹೆಸರು, ಫಲಿತಾಂಶ ಎಲ್ಲ ಬರೆದಿಡುವ ದಪ್ಪ ರಟ್ಟಿನ ರಿಜಿಸ್ಟರನ್ನು ಅವಳ ಕಡೆ ತಳ್ಳಿದರು. ಸಹಿ ಮಾಡಿದ ಮೇಲೆ ಅವಳು ಹಳೆಯ ಪುಟಗಳನ್ನು ತಿರುವಿದಳು. ಹತ್ತೊಂಬತ್ತು ವರ್ಷದ ಹಿಂದಿನ ಗೀಟು ಅಲ್ಲೇ ಇತ್ತು, ಶಾಯಿ ಮಾತ್ರ ಕಂದಾಗಿತ್ತು. ಪದಕದ ಆಸೆ ಅವಳಿಗೆ ಇರಲಿಲ್ಲ. ಆ ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ಒಂದು ಸಮಯ ಬೇಕಿತ್ತು, ನಿಮಿಷ ಮತ್ತು ಸೆಕೆಂಡಿನಲ್ಲಿ.

ಬುಧವಾರ ಅಣ್ಣನ ಫೋನು ಬಂತು. ವಾರಕ್ಕೊಮ್ಮೆ, ಬುಧವಾರವೇ.

"ಏನೇ, ತಲೆಗಿಲೆ ಕೆಟ್ಟಿದ್ಯಾ ನಿಂಗೆ? ನಾಳೆ ಮೊಣಕಾಲು ಹೋದ್ರೆ ಯಾರು ನೋಡ್ಕೋತಾರೆ?"

"ಮೊಣಕಾಲು ಚೆನ್ನಾಗಿರೋವಾಗ್ಲೂ ಯಾರೂ ನೋಡ್ಕೊಳ್ತಿಲ್ವಲ್ಲ ಅಣ್ಣ."

"ಹಂಗಲ್ಲ ಕಣೇ..."

"ತಮಾಷೆಗೆ ಅಂದೆ. ಅತ್ತಿಗೆ ಹೇಗಿದ್ದಾರೆ?"

ತಾಲೀಮಿನ ಮೊದಲ ದಿನ ಉದ್ದಜಡೆ ತಾನಾಗಿಯೇ ಹತ್ತಿರ ಬಂದಳು. "ಮೂರನೇ ಮೆಟ್ಟಿಲಲ್ಲಿ ಕೂರೋರು ನೀವೇ ಅಲ್ವಾ? ನಾವೆಲ್ಲ ನಿಮ್ಮನ್ನ ಲೆಕ್ಕದ ಆಂಟಿ ಅಂತಿದ್ವಿ," ಎಂದವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಸಾರಿ ಅಕ್ಕ."

"ನೀನು ಎಂಟನೇ ಸುತ್ತಲ್ಲಿ ನಿಧಾನ ಆಗ್ತೀಯ. ಪ್ರತಿ ಸಲ. ಮೂರು ಸೆಕೆಂಡು, ಕೆಲವು ಸಲ ನಾಲ್ಕು."

"ನನ್ನ ಬಗ್ಗೆ ನಮ್ಮಮ್ಮಂಗೂ ಇಷ್ಟು ಗೊತ್ತಿಲ್ಲ!"

ಇಬ್ಬರೂ ನಕ್ಕರು. ಆಮೇಲೆ ಮೇಷ್ಟ್ರು ಸೀಟಿ ಊದಿದರು, ಹುಡುಗಿಯರೆಲ್ಲ ಓಡಿದರು. ಒಂದು ನಿಮಿಷದೊಳಗೆ ಅವರು ತಿರುವು ದಾಟಿ ಹೋಗಿಯಾಗಿತ್ತು. ಮುಂದಿನ ನಾಲ್ಕು ತಿಂಗಳೂ ಹಾಗೆಯೇ. ಜೊತೆಗೆ ಹೊರಡುತ್ತಿದ್ದಳು, ಒಬ್ಬಳೇ ಬರುತ್ತಿದ್ದಳು. ಬೆಳಗ್ಗೆ ಪ್ರಯೋಗಾಲಯದ ರಸ್ತೆಯಲ್ಲಿ ಓಡುವಾಗ ಗೇಟಿನ ಕಾವಲುಗಾರ ಪ್ರತಿ ದಿನ ಅದೇ ಮಾತು ಕೂಗುತ್ತಿದ್ದ: "ಮೇಡಮ್, ಬಸ್ಸು ಇವತ್ತೂ ತಪ್ಪಿಹೋಯ್ತಾ?" ದಿನದಲ್ಲಿ ಅವಳ ಜೊತೆ ಆಗುತ್ತಿದ್ದ ಮೊದಲ ಮಾತು ಅದೇ ಆದ್ದರಿಂದ ಅವಳು ಅದಕ್ಕೆ ಕಾಯುತ್ತಿದ್ದಳು.

ಆ ಭಾನುವಾರ ಒಂಬತ್ತೂಕಾಲಿಗೆ ಸರಿಯಾಗಿ ಪಿಸ್ತೂಲು ಸಿಡಿಯಿತು. ಹತ್ತು ಜನ ಓಡಿದರು; ಎರಡನೇ ತಿರುವಿಗೆ ಒಂಬತ್ತು ಜನ ಮತ್ತು ಅವಳು. ಮೊದಲ ಅರ್ಧ ಸುತ್ತು ಅರವತ್ತೊಂದು ಸೆಕೆಂಡು. ಗೆರೆ ದಾಟುವಾಗ ಅವಳು ತುಟಿಯಲ್ಲೇ ಎಣಿಸಿದಳು: ಅರ್ಧ. ಆಮೇಲೆ ಒಂದೂವರೆ, ಎರಡೂವರೆ.

ಆ ಸೀಸನ್ನಿನ ಅತಿ ಒಳ್ಳೆಯ ಓಟವನ್ನು ಅವಳು ನೋಡಲಿಲ್ಲ. ಅದು ಬೆನ್ನ ಹಿಂದಿನಿಂದ ಬಂದು, ಜಡೆ ಬೀಸುತ್ತ, ಮೂರು ಸಲ ಅವಳನ್ನು ದಾಟಿ ಹೋಯಿತು. ಮೂರನೇ ಮೆಟ್ಟಿಲಲ್ಲಿ ಯಾರೋ ಕೊಡೆ ಇಟ್ಟಿದ್ದರು. ಉದ್ದಜಡೆ ಎಂಟನೇ ಸುತ್ತಿನಲ್ಲಿ ನಿಧಾನವಾದಳೋ ಇಲ್ಲವೋ, ಇನ್ನು ಯಾವ ನೋಟ್‌ಬುಕ್ಕಿನಿಂದಲೂ ತಿಳಿಯುವಂತಿರಲಿಲ್ಲ.

ಇಪ್ಪತ್ತೊಂದನೇ ನಿಮಿಷಕ್ಕೆ ಉಳಿದವರೆಲ್ಲ ಮುಗಿಸಿದ್ದರು. ಅವಳಿಗೆ ಇನ್ನೂ ಎರಡೂವರೆ ಸುತ್ತು ಬಾಕಿ. ಮೈದಾನ ದೊಡ್ಡದಾಯಿತು. ಅವಳ ಶೂ ಸದ್ದು ಅವಳಿಗೇ ಕೇಳುತ್ತಿತ್ತು. ಎದುರು ಬದಿಯಲ್ಲಿ ಇಬ್ಬರು ಕೆಲಸಗಾರರು ಮುಂದಿನ ಓಟಕ್ಕೆ ಹರ್ಡಲ್ಸಿನ ಚೌಕಟ್ಟುಗಳನ್ನು ಹೊತ್ತು ತಂದು, ಅವಳು ಹೋಗಲಿ ಎಂದು ಹೆಗಲ ಮೇಲೇ ಇಟ್ಟುಕೊಂಡು ನಿಂತಿದ್ದರು. ಗೆರೆ ದಾಟುವಾಗ ತುಟಿಯಲ್ಲೇ ಎಣಿಸಿದಳು: ಹತ್ತೂವರೆ. ಮುಂದಿನ ಸಲ ಗೆರೆಗೆ ಬಂದಾಗ ಸುತ್ತು ಎಣಿಸುವ ಬಿಳಿ ಟೋಪಿಯ ಹಿರಿಯರು ಎರಡೂ ಕೈ ಬೀಸಿದರು. "ಮುಗೀತು, ಮುಗೀತಮ್ಮ! ನಿಲ್ಲು!" ಪಕ್ಕದಲ್ಲಿದ್ದ ಸಮಯ ಹಿಡಿಯುವವರು ಗಡಿಯಾರ ಒತ್ತಿದರು. "ಇಪ್ಪತ್ನಾಲ್ಕು ಒಂಬತ್ತು!"

ಅವಳು ನಿಂತಳು. ಮೆಟ್ಟಿಲುಗಳಿಂದ ನಾಲ್ಕೈದು ಜನರ ಚಪ್ಪಾಳೆ ಬಂತು, ಪಾಪ ಎನ್ನುವಂಥ ಚಪ್ಪಾಳೆ.

"ಇನ್ನೊಂದಿದೆ ಸಾರ್," ಎಂದಳು ಏದುಸಿರಿನಲ್ಲಿ.

"ಎಲ್ಲಮ್ಮಾ ಇದೆ? ನೋಡಿಲ್ಲಿ, ಹನ್ನೆರಡು ಗೀಟು ಹಾಕಿದೀನಿ. ದಾಟಿದಾಗೆಲ್ಲ ಒಂದೊಂದು."

ಹಾಳೆ ನೋಡುವ ಮೊದಲೇ ಅವಳಿಗೆ ತಿಳಿದಿತ್ತು. ಅರ್ಧಕ್ಕೂ ಒಂದು ಗೀಟು ಬಿದ್ದಿತ್ತು. ಮುಂದೆ ಓಡುವವರಿಗೆ ಬೋರ್ಡು ಇರುತ್ತದೆ, ಗಂಟೆ ಇರುತ್ತದೆ. ಕೊನೆಯವಳಿಗೆ ಇದ್ದದ್ದು ಇದೊಂದೇ ಹಾಳೆ. ಈ ತಪ್ಪಿನ ಆಳ ಅಗಲ ಅವಳಷ್ಟು ಚೆನ್ನಾಗಿ ಬಲ್ಲವರು ಆ ಮೈದಾನದಲ್ಲಿ ಇರಲಿಲ್ಲ. ಆರು ಸೆಕೆಂಡು ನಿಂತಿದ್ದಳು. ಕೈಗಡಿಯಾರ ಓಡುತ್ತಲೇ ಇದ್ದುದರಿಂದ ಆ ಲೆಕ್ಕ ಇದೆ. ಆಮೇಲೆ ಓಡಿದಳು.

"ಏ ಅಮ್ಮಾ, ಎಲ್ಲಿಗೆ?" ಎಂದು ಅವರು ಹಿಂದಿನಿಂದ ಕೂಗಿದರು. ಯಾರೋ ನಕ್ಕರು. ಈ ಸಲದ ನಗು ಓಡುತ್ತಿದ್ದುದಕ್ಕೆ. ಕೆಲಸಗಾರರು ಇಳಿಸಿದ್ದ ಚೌಕಟ್ಟುಗಳನ್ನು ಮತ್ತೆ ಎತ್ತಿ ದಾರಿ ಬಿಟ್ಟರು. ಗೆರೆಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಅವಳ ಕೈಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ ಇಪ್ಪತ್ತೆರಡು ಸೆಕೆಂಡು.

ಉಸಿರು ಹದಕ್ಕೆ ಬಂದ ಮೇಲೆ ಮೇಜಿನ ಹತ್ತಿರ ಹೋದಳು. ಹಾಳೆಯಲ್ಲಿ ಹತ್ತನೇ ಸಾಲು, ಅವಳ ಹೆಸರು, ಮುಂದೆ 24:09. ದುಂಡಗಿನ ಅಕ್ಷರ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅದು.

"ಸಾರ್, ಇದು ನಾಲ್ಕು ಸಾವಿರದ ಆರುನೂರು ಮೀಟರಿನ ಸಮಯ. ಮೊದಲನೇ ಗೀಟು ಅರ್ಧ ಸುತ್ತಿನದು."

ಬಿಳಿ ಟೋಪಿಯವರು ಬೆರಳಿಟ್ಟು ಎಣಿಸಿದರು. ಎರಡನೇ ಸಲ ಎಣಿಸಿದರು. ಅವರ ಮುಖ ಚಿಕ್ಕದಾಯಿತು. "ಹೌದಲ್ಲಮ್ಮ... ಆದ್ರೆ ಪೂರ್ತಿ ಮುಗಿಸಿದಾಗ ನಾವ್ಯಾರೂ ಸಮಯ ಹಿಡಿದಿಲ್ಲ. ನಿನ್ನ ಕೈಗಡಿಯಾರ ಲೆಕ್ಕಕ್ಕೆ ಬರಲ್ಲ. ಇದನ್ನ ಹೊಡೆದುಹಾಕಿದ್ರೆ ಗೀಟು ಎಳೀಬೇಕಾಗುತ್ತೆ. ಸುಮ್ನೆ ಬಿಡು, ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ," ಎಂದಳು. "ಎಳೀರಿ."

"ಕೈಗೆ ಬಂದದ್ದನ್ನ ಕಾಲಲ್ಲಿ ಒದೀತೀಯಲ್ಲ!" ಎಂದು ಗೊಣಗಿ, ಅವರು ಸ್ಕೇಲು ಇಟ್ಟು, ನಿಧಾನವಾಗಿ, ತಮ್ಮ ತಪ್ಪಿಗೂ ಸೇರಿಸಿ ಎಂಬಂತೆ ನೇರವಾಗಿ ಗೀಟು ಎಳೆದರು.

ಉದ್ದಜಡೆ ಪದಕ ಹಾಕಿಕೊಂಡು ಓಡಿ ಬಂದಳು. "ಅಕ್ಕ, ನನ್ನ ಎಂಟನೇ ಸುತ್ತು ಎಷ್ಟು?"

"ಈ ಸಲ ಬರೆದಿಲ್ಲ ಕಣಮ್ಮ."

"ಓಹ್," ಎಂದಳು ಹುಡುಗಿ. ಬಸ್ಸಿನಿಂದ ಗೆಳತಿಯರು ಕೂಗಿದರು, ಹೋದಳು.

ಮನೆಗೆ ಬಂದು ಅವಳು ಹನ್ನೆರಡನೇ ನೋಟ್‌ಬುಕ್ಕು ತೆರೆದು, ಕೈಗಡಿಯಾರದಿಂದ ಹದಿಮೂರು ಸಾಲು ಇಳಿಸಿಕೊಂಡಳು. ನಿಂತ ಆರು ಸೆಕೆಂಡನ್ನು ಅಂಚಿನಲ್ಲಿ ಬರೆದಳು. ಅಣ್ಣನ ಫೋನಿಗೆ ಇನ್ನೂ ಮೂರು ದಿನವಿತ್ತು. ಕೆಳಗೆ ಮಿಷನ್ನು ಸುಮ್ಮನಿತ್ತು.

ಶೂ ಬಿಚ್ಚುವಾಗ ಹಳೆಯ ಪಿ.ಟಿ. ಮೇಷ್ಟ್ರು ನೆನಪಾದರು. ಹತ್ತೊಂಬತ್ತು ವರ್ಷದ ಹಿಂದೆ, ಪಿಸ್ತೂಲು ಸಿಡಿಯುವ ಮೊದಲು, ಅವರು ಸಾಲಾಗಿ ನಿಂತ ಹುಡುಗಿಯರನ್ನು ಎಷ್ಟು ಸುತ್ತು ಎಂದು ಕೇಳಿದ್ದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ ಹೇಳಿದವಳು ಅವಳೇ: ಹನ್ನೆರಡೂವರೆ.