ಎಡಗಡೆ ಚಕ್ರದ ಬೋಲ್ಟು

ನಮ್ಮ ಮಾವನಿಗೆ ಕರುಣೆ ಅನ್ನುವುದು ಮೈಯಲ್ಲಿ ಎಲ್ಲಾದರೂ ಇತ್ತೋ ಏನೋ, ಅಷ್ಟು ವರ್ಷ ಅವರ ಮನೆಯಲ್ಲಿ ಮುದ್ದೆ ತಿರುವಿದ ನನಗಂತೂ ಕಾಣಲಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬೇಡ ಎಂದು ನನ್ನ ಮಗಳು ಹೇಳುತ್ತಾಳೆ. ಅವರು ಬದುಕಿದ್ದಾಗ ಬರೆಯುವ ಧೈರ್ಯವಿರಲಿಲ್ಲ, ಸತ್ತ ಮೇಲೆ ಬರೆಯಬಾರದು ಅಂದರೆ ಇನ್ನು ಯಾವಾಗ ಬರೆಯಲಿ?

ಎಪ್ಪತ್ತರ ದಶಕ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ಮಳವಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಕಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮಂಡ್ಯದಲ್ಲಿ ನಿವೃತ್ತರಾಗಿ ಊರು ಬಿಡುತ್ತಿದ್ದ ಯಾರೋ ಅಧಿಕಾರಿಯಿಂದ ಮಾವ ಅದನ್ನು ಕೊಂಡಿದ್ದರು. ದಪ್ಪ ಮೂತಿಯ ಹಳೇ ವಿದೇಶಿ ಗಾಡಿ. ಅದು ಅಂಗಳಕ್ಕೆ ಬಂದು ನಿಂತ ದಿನದಿಂದ ನಮ್ಮ ಮನೆಯ ಹೆಂಗಸರು ಬಸ್ಸು ಹತ್ತುವುದು ನಿಂತುಹೋಯಿತು. ಗಂಡಸರಿಗೆ ಈ ಕಟ್ಟಳೆ ಇರಲಿಲ್ಲ. ಪೆಟ್ರೋಲು ಸುಡುವುದು ಯಾಕೆ ಎಂದು ಮಾವನೇ ಸಂತೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾವು ಹತ್ತಿದರೆ ಮಾತ್ರ ಮನೆಯ ಮಾನ ಬೀದಿಗೆ ಬರುತ್ತಿತ್ತು. ಅದಕ್ಕೆ ಮುಂಚೆ ನಾನು ಮದ್ದೂರಿನಲ್ಲಿ ಇಳಿದು, ಕೊಪ್ಪದ ಬಸ್ಸು ಹಿಡಿದು, ಯಾರ ಹಂಗೂ ಇಲ್ಲದೆ ತವರಿಗೆ ಹೋಗಿ ಬರುತ್ತಿದ್ದವಳು. ಕಾರು ಬಂದ ಮೇಲೆ ತವರು ದೂರವಾಯಿತು. ಮಾವನಿಗೆ ಮನಸ್ಸು ಬಂದಾಗ, ಪೆಟ್ರೋಲು ಇದ್ದಾಗ, ಆ ಕಡೆ ಅವರದೇ ಏನಾದರೂ ಕೆಲಸ ಬಿದ್ದಾಗ ಹೋಗಬೇಕು. ನಮ್ಮವ್ವನಿಗೆ ಮಾತ್ರ ಆ ಕಾರೆಂದರೆ ಬಲು ಹೆಮ್ಮೆ. ಮಗಳನ್ನು ಕಾರಿರುವ ಮನೆಗೆ ಕೊಟ್ಟಿದ್ದೇನೆ ಎಂದು ಕೊಪ್ಪದಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಆ ಕಾರಿಗೆ ಒಂದು ವಿಚಿತ್ರವಿತ್ತು. ಬಲಗಡೆ ಚಕ್ರಗಳ ನಟ್ಟು ಎಲ್ಲ ನಟ್ಟುಗಳ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತಿತ್ತು. ಎಡಗಡೆ ಚಕ್ರಗಳದ್ದು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚಬೇಕು, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಓಡುವಾಗ ನಟ್ಟು ಸಡಿಲವಾಗದಿರಲಿ ಎಂದು ಹಾಗೆ ಮಾಡಿರುತ್ತಾರಂತೆ. ಇದನ್ನು ಮಾವ ಮನೆಗೆ ಬಂದ ನೆಂಟರಿಗೆಲ್ಲ ಕಾಫಿ ಕೊಡುವುದಕ್ಕೆ ಮುಂಚೆ ಹೇಳುತ್ತಿದ್ದರು. ಕೆಲವರನ್ನು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರಿಸಿ, ಕೈಯಿಂದ ತಿರುಗಿಸಿ ತೋರಿಸುತ್ತಿದ್ದರು. ಹಾಗಾಗಿ ಅಡುಗೆಮನೆಯಲ್ಲಿ ಬಿದ್ದಿದ್ದ ನನಗೂ ಅದು ಬಾಯಿಪಾಠವಾಗಿತ್ತು.

ಆಲೆಮನೆ ಹೂಡಿದ್ದ ವಾರ. ಕಬ್ಬು ಕಡಿಯುವವರು, ಗಾಣಕ್ಕೆ ಕೊಡುವವರು, ಕೊಪ್ಪರಿಗೆ ಮುಂದೆ ಬೇಯುವವರು, ಎಲ್ಲರಿಗೂ ಮೂರು ಹೊತ್ತು ನಮ್ಮ ಮನೆಯಿಂದಲೇ ಊಟ ಹೋಗಬೇಕು. ಅತ್ತೆಗೆ ಮಂಡಿನೋವು. ಮನೆಯಲ್ಲಿದ್ದ ಸೊಸೆ ನಾನೊಬ್ಬಳೇ. ಹೊತ್ತು ಹುಟ್ಟುವ ಮುಂಚೆ ಒಲೆ ಮುಂದೆ ಕೂತರೆ ಏಳುವುದು ಎಲ್ಲರೂ ಉಂಡ ಮೇಲೆ. ಆ ವಾರದಲ್ಲೇ ಒಂದು ಬೆಳಿಗ್ಗೆ ಕೊಪ್ಪದಿಂದ ನಮ್ಮಣ್ಣ ಕಳಿಸಿದ ಆಳು ಬಂದ.

"ಅವ್ವಂಗೆ ಎದ್ ಕೂರಾಕೂ ಆಯ್ತಿಲ್ಲ ಕಣಮ್ಮ. ನಿಮ್ಮನ್ನೇ ಕೇಳ್ತಾವ್ರೆ. ಇವತ್ತೇ ಬರ್ಬೇಕಂತೆ."

ಮಾವ ಜಗುಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ಬಾಯಿ ಮುಕ್ಕಳಿಸಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

"ಎತ್ತವ್ವ ಅಂಗವ್ಳೆ ಅಂದ್ರೆ ಕಳಿಸ್ದೆ ಇದ್ದೇವಾ? ನೀನ್ ನಡೀಲಾ ಮುಂದೆ. ನಾನೇ ಕಾರ್ನಾಗೆ ಕರ್ಕಂಡ್ ಬತ್ತೀನಿ ಅಂತ ಏಳು."

ಆ ಮನುಷ್ಯ ಖುಷಿಯಿಂದ ಬಸ್ಸಿಗೆ ಓಡಿದ. ನಾನು ಬ್ಯಾಗಿಗೆ ಎರಡು ಸೀರೆ ತುಂಬಿಕೊಂಡು ಹೊರಗೆ ಬರುವಷ್ಟರಲ್ಲಿ ಮಾವ ಕಾರಿನ ಎಡಗಡೆ ಮುಂದಿನ ಚಕ್ರದ ಹತ್ತಿರ ಜಾಕಿ ಇಟ್ಟುಕೊಂಡು ನಿಂತಿದ್ದರು. ಟೈರು ಸವೆದಿದೆ, ದೂರದ ದಾರಿ, ಸ್ಟೆಪ್ನಿ ಹಾಕಿಕೊಂಡು ಹೋಗೋಣ ಅಂದರು. ಹಿಂದಿನ ದಿನ ಅದೇ ಟೈರಿನಲ್ಲಿ ಮಂಡ್ಯಕ್ಕೆ ಹೋಗಿ ಬಂದಿದ್ದರು. ನಟ್ಟಿಗೆ ಬಿಚ್ಚುವ ಪಾನ ಸಿಕ್ಕಿಸಿ, ಅದರ ಹಿಡಿ ಎಡಗಡೆಗೆ ಬರುವ ಹಾಗೆ ಇಟ್ಟು, ಮೇಲೆ ಕಾಲಿಟ್ಟರು.

ನಮ್ಮ ಯಜಮಾನರು ಅಲ್ಲೇ ಇದ್ದರು. "ಅಪ್ಪ, ಎಡಗಡೇದು ಉಲ್ಟಾ ಅಲ್ವ?"

"ನಂಗೆ ಏಳ್ಕೊಡಾಕ್ ಬಂದ್ಯಾ? ಸುಮ್ಕಿರ್ಲಾ."

ಕಾಲಲ್ಲಿ ಒತ್ತಿದರು. ನಟ್ಟು ಅಲ್ಲಾಡಲಿಲ್ಲ. ಕಾರಿನ ಮೇಲೆ ಕೈ ಊರಿ, ಎರಡು ಕಾಲೂ ಪಾನದ ಮೇಲಿಟ್ಟು ಹತ್ತಿ ನಿಂತು ಕುಪ್ಪಳಿಸಿದರು. ಮತ್ತೆ ಕುಪ್ಪಳಿಸಿದರು. ಟಕ್ ಎಂದು ಬೋಲ್ಟು ಮುರಿದು, ಪಾನ, ನಟ್ಟು, ಅದರೊಳಗೆ ಸಿಕ್ಕಿದ್ದ ಬೋಲ್ಟಿನ ತುಂಡು ಎಲ್ಲ ನೆಲಕ್ಕೆ ಬಿತ್ತು. ಮಾವ ಆ ತುಂಡನ್ನು ಎತ್ತಿಕೊಂಡು ನನಗೆ ತೋರಿಸಿದರು. ಮುಖದಲ್ಲಿ ಬೇಸರವಿರಲಿಲ್ಲ.

"ಏನ್ ಮಾಡದು ಕಣಮ್ಮಿ, ನಿನ್ ಅಣೇಬರ. ಓಗು, ಎಸರಿಡು. ಆಳುಗೋಳ್ ಬರೋ ಒತ್ತಾಯ್ತು."

ಪಕ್ಕದ ಮನೆಯ ಮುದುಕ ಗೋಡೆಯ ಆಚೆಯಿಂದ ನೋಡುತ್ತಿದ್ದವನು, "ಇನ್ನೂ ನಾಕ್ ನಟ್ ಅವಲ್ಲ ಗೌಡ್ರೆ, ನಿದಾನುಕ್ಕೋದ್ರೆ ಆಯ್ತದೆ" ಅಂದ. ಅವನು ಹೇಳಿದ್ದು ನಿಜ. ಹಿಂದಿನ ವರ್ಷ ನಿಡಘಟ್ಟದ ಮದುವೆಗೆ ಇದೇ ಮಾವ ಮೂರೇ ನಟ್ಟಿನ ಮೇಲೆ ನಮ್ಮನ್ನೆಲ್ಲ ತುಂಬಿಕೊಂಡು ಹೋಗಿ, ಹೋಳಿಗೆ ಊಟ ಮಾಡಿಕೊಂಡು ಬಂದಿದ್ದರು. ಈಗ ಮುದುಕನ ಕಡೆ ತಿರುಗಿ, "ಎಂಗುಸ್ರು ಕೂರೋ ಗಾಡಿ, ಎಚ್ಚು ಕಮ್ಮಿ ಆದ್ರೆ ನಿಮ್ಮಪ್ಪ ಬತ್ತಾನಾ?" ಎಂದು ಕೇಳಿದರು. ಮುದುಕ ಒಳಗೆ ಹೋದ. ನಾನೂ ಒಳಗೆ ಹೋಗಿ ಎಸರಿಟ್ಟೆ.

ಸೊಸೆಯನ್ನು ಸಾಯುವ ತಾಯಿಯ ಹತ್ತಿರ ಕಳಿಸಲಿಲ್ಲ ಅಂದರೆ ಊರು ಉಗಿಯುತ್ತದೆ. ಕಾರು ಕೆಟ್ಟಿತು ಅಂದರೆ ಊರು ಅಯ್ಯೋ ಪಾಪ ಅನ್ನುತ್ತದೆ. ಇಷ್ಟು ಲೆಕ್ಕ ಹಾಕುವುದಕ್ಕೆ ಮಾವನಿಗೆ ಹಲ್ಲುಜ್ಜುವಷ್ಟು ಹೊತ್ತು ಸಾಕಾಗಿತ್ತು. ನನಗೆ ಆಗಲೇ ಅನುಮಾನ ಹತ್ತಿತ್ತು. ಆದರೂ ಮನುಷ್ಯರು ಹಾಗೆ ಮಾಡುತ್ತಾರೆಯೇ ಎಂದು ನನ್ನನ್ನೇ ಬೈದುಕೊಂಡೆ.

ಮಧ್ಯಾಹ್ನ ಅತ್ತೆಯ ಹತ್ತಿರ ಹೋಗಿ, "ಬಸ್ನಾಗೆ ಓಯ್ತೀನಿ ಅತ್ತೆ" ಅಂದೆ. ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು ತಲೆ ಎತ್ತಲಿಲ್ಲ.

"ಕಾರ್ ಮನೆ ಸೊಸೆ ಬಸ್ಸಿಗ್ ಕಾಯ್ತಾ ನಿಂತ್ರೆ ಊರೋರು ನಗಾಕಿಲ್ವ? ಬೋಲ್ಟ್ ತರಾಕೆ ಕಳಿಸ್ತಾರೆ ತಡ್ಕೊ."

ಮರುದಿನ ಬೆಳಿಗ್ಗೆ ಆಳುಗಳ ತಿಂಡಿ ಮುಗಿಸಿ, ಯಾರಿಗೂ ಹೇಳದೆ ಬ್ಯಾಗು ಹಿಡಿದು ರಸ್ತೆಗೆ ನಡೆದೆ. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ, ಹಿಂದಿನಿಂದ ಯಾರೋ ಬ್ಯಾಗು ಹಿಡಿದರು. ನಮ್ಮ ಯಜಮಾನರು. ಸೈಕಲ್ಲು ತುಳಿದುಕೊಂಡು ಬಂದು ಏದುಸಿರು ಬಿಡುತ್ತಿದ್ದರು. "ಅಪ್ಪ ಬೋಲ್ಟ್ ತರುಸ್ತಾವ್ರೆ. ಸಂಜಿಕೇ ಓಗವಂತೆ, ಇಳಿ" ಅಂದರು. ಬಸ್ಸಿನೊಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಂಡಕ್ಟರು, "ಅತ್ತದಾದ್ರೆ ಅತ್ತಿ, ಇಲ್ದಿದ್ರೆ ಬುಡಿ" ಅಂದ. ಅಷ್ಟರಲ್ಲಿ ನನ್ನ ಪಕ್ಕದಿಂದ ನುಸುಳಿ ಬಸ್ಸು ಹತ್ತಿದವನು ನನ್ನ ಮೈದುನ. ಮಂಡ್ಯದಿಂದ ಬೋಲ್ಟು ತರಲು ಅವನು ಆ ಬಸ್ಸಿನಲ್ಲೇ ಹೊರಟಿದ್ದ. ಕಿಟಕಿ ಪಕ್ಕ ಕೂತು ಆಚೆ ಕಡೆಯ ಗದ್ದೆ ನೋಡತೊಡಗಿದ. ಬೋಲ್ಟಿಗೋಸ್ಕರ ಬಸ್ಸು ಹತ್ತಬಹುದು, ಹೆತ್ತವ್ವನಿಗೋಸ್ಕರ ಹತ್ತುವ ಹಾಗಿಲ್ಲ. ನಾನು ಗಂಡನ ಸೈಕಲ್ಲಿನ ಹಿಂದೆ ಹಿಂದೆ ಮನೆಗೆ ನಡೆದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೈದುನ ಬೋಲ್ಟು ತಂದ. ಜೊತೆಗೆ ಹೊಸ ನಟ್ಟೂ ಇತ್ತು. ಗಂಡ, ಮೈದುನ ಸೇರಿ ಚಕ್ರ ಬಿಚ್ಚಿದರು, ಒಳಗಿನ ಡ್ರಮ್ಮು ತೆಗೆದರು. ಹಳೇ ಬೋಲ್ಟಿನ ಮೋಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ತಾ ಅಂದರು, ತಂದುಕೊಟ್ಟೆ. ಮುಂದಿನಿಂದ ಸುತ್ತಿಗೆಯಲ್ಲಿ ಬಡಿದರು. ಒಂದೊಂದು ಪೆಟ್ಟಿಗೂ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಕೊನೆಗೆ ಮೋಟು ಹಿಂದಕ್ಕೆ ಕಳಚಿ ಬಿತ್ತು. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ನಾಲ್ಕಾರು ವಾಷರು ಪೇರಿಸಿ, ಅದರ ಮೇಲೆ ನಟ್ಟು ಹಾಕಿ ಬಿಗಿಯುತ್ತಾ ಹೋದರು. ನಟ್ಟು ಬಿಗಿದ ಹಾಗೆಲ್ಲ ಬೋಲ್ಟು ಇಷ್ಟಿಷ್ಟೇ ಮುಂದಕ್ಕೆ ಬಂದು ತನ್ನ ಜಾಗದಲ್ಲಿ ಕೂತಿತು. ನಾನು ಒಳಗೆ ಓಡಿ ಮುಖ ತೊಳೆದು ಬಂದೆ.

ಮಾವ ಆಲೆಮನೆಯಿಂದ ಬಂದರು. ಬೋಲ್ಟಿನ ಮೇಲೆ ಬೆರಳಾಡಿಸಿ, "ಇದು ಬಲಗಡೆದು ಕಣ್ಲಾ" ಅಂದರು.

ಎಡಗಡೆಯದು ಬೇಕೆಂದು ಮೈದುನನಿಗೆ ಅವರು ಹೇಳಿಯೇ ಇರಲಿಲ್ಲ. ನಮ್ಮ ಯಜಮಾನರು, "ಇದುಕ್ಕೆ ಇದ್ರುದೇ ನಟ್ ಅದಲ್ಲಪ್ಪ, ಕೂತದಲ್ಲ" ಅಂದರು.

"ನಾಕ್ ಒಂದ್ ಕಡೀಕೆ, ಒಂದ್ ಇನ್ನೊಂದ್ ಕಡೀಕೆ. ದಾರೀಲಿ ಚಕ್ರ ಕಳಚ್ಕಂಡ್ರೆ ನೀನ್ ಎಗುಲ್ ಕೊಟ್ಟೀಯಾ? ನಾಡಿದ್ದು ಆಲೆಮನೆ ಮುಗೀತದೆ. ನಾನೇ ಓಗಿ ಸರ್ಯಾದ್ದು ತತ್ತೀನಿ."

ಆಲೆಮನೆ ಎಂಬ ಮಾತು ಅವರ ಬಾಯಿಂದಲೇ ಬಂತು. ನಾನು ಸೆರಗು ಸರಿಮಾಡಿಕೊಂಡು, ಮದುವೆಯಾದ ಮೇಲೆ ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ. "ಅಲ್ಲೀಗಂಟ ಅವ್ವ ಇರ್ತಳಾ ಮಾವ?"

"ಮುದ್ಕೀರ್ ಜೀವ ಅಷ್ಟ್ ಸಲೀಸಾಗ್ ಓಗಾಕಿಲ್ಲ ಬುಡು" ಎಂದು ನಕ್ಕರು. ಮೈದುನನೂ ನಕ್ಕ. ನಮ್ಮ ಯಜಮಾನರು ನಗಲಿಲ್ಲ, ಅಷ್ಟೇ ಅವರ ಶೌರ್ಯ.

ಮಾರನೆಯ ಬೆಳಿಗ್ಗೆ ಅದೇ ಆಳು ಬಂದ. ಈ ಸಲ ಒಳಗೆ ಬರಲಿಲ್ಲ, ಬಾಗಿಲಾಚೆ ನಿಂತುಕೊಂಡ. ಸಾವಿನ ಸುದ್ದಿ ತಂದವರು ಹೊಸಿಲು ದಾಟುವುದಿಲ್ಲ. ಅವನು ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಾಯಿತು.

ಮಾವ ತಕ್ಷಣ ಎದ್ದರು. ಬೀಗಿತ್ತಿಯ ಮಣ್ಣಿಗೆ ಹೋಗದಿದ್ದರೆ ಮರ್ಯಾದೆಯ ಪ್ರಶ್ನೆ. ಡ್ರಮ್ಮು, ಚಕ್ರ ಎಲ್ಲ ತಾವೇ ಜೋಡಿಸಿ ಪಾನ ಎತ್ತಿಕೊಂಡರು. ನಾನು ಜಗುಲಿಯ ಕಂಬ ಹಿಡಿದು ನೋಡುತ್ತಿದ್ದೆ. ನಾಲ್ಕು ನಟ್ಟನ್ನು ಎಡಕ್ಕೆ ತಿರುಗಿಸಿ ಬಿಗಿದರು. ಹೊಸ ನಟ್ಟನ್ನು ಬಲಕ್ಕೆ ತಿರುಗಿಸಿ ಬಿಗಿದರು. ಒಂದು ಸಲವೂ ಕೈ ತಡೆಯಲಿಲ್ಲ, ಯಾವುದು ಯಾವ ಕಡೆ ಎಂದು ಯೋಚಿಸಲಿಲ್ಲ. ನನ್ನ ಅನುಮಾನ ಅಲ್ಲಿಗೆ ತೀರಿತು. ಬದುಕಿದ್ದ ಅವ್ವನ ಹತ್ತಿರ ಹೋಗಲಾರದ ಚಕ್ರ ಸತ್ತ ಅವ್ವನ ಹತ್ತಿರ ಹೋಗುವುದಕ್ಕೆ ಅರ್ಧ ಗಂಟೆಯಲ್ಲಿ ಸಿದ್ಧವಾಯಿತು.

ಮಾವ ಜೋರಾಗಿಯೇ ಓಡಿಸಿದರು. ಮದ್ದೂರು ದಾಟುವವರೆಗೂ ನಾನು ಅಳಲಿಲ್ಲ. ಚಕ್ರ ಕಳಚಿ ಹೋಗಲಿ, ಈ ಗಾಡಿ ನಾಲೆಗೆ ಉರುಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದರಲ್ಲಿ ನಾನೂ ಕೂತಿದ್ದೆ, ಗೊತ್ತಿದ್ದೇ ಬೇಡಿಕೊಂಡೆ. ಏನೂ ಆಗಲಿಲ್ಲ. ಬೋಲ್ಟು ಚೆನ್ನಾಗಿ ಕೂತಿತ್ತು.

ಕೊಪ್ಪದ ಮನೆಯ ಮುಂದೆ ಚಪ್ಪರ ಹಾಕಿದ್ದರು. ಕಾರು ನಿಂತದ್ದು ನೋಡಿ ಹೆಂಗಸರ ಅಳು ಏರಿತು. ಅತ್ತಿಗೆ ಅವ್ವನ ತಲೆ ಹತ್ತಿರ ಕೂತು ರಾಗವಾಗಿ ಅಳುತ್ತಿದ್ದಳು.

"ಕಾರಲ್ ಬತ್ತಾಳೆ ಬುಡು, ಬಸ್ನಂಗೆ ತಡ ಆಗಾಕಿಲ್ಲ ಅಂತಿದ್ದಲ್ಲವ್ವ. ಬಾಗ್ಲು ತೆರ್ದೇ ಇರ್ಲಿ ಅಂತಿದ್ದಲ್ಲವ್ವ. ಕಾರ್ ಇಟ್ಕಂಡೂ ಬರ್ನಿಲ್ವಲ್ಲ ಅಂತ ನೆನ್ನೆ ಸಂಜೆ ಗ್ವಾಡೆ ಕಡೀಕೆ ತಿರೀಕಂಡ್ಯಲ್ಲವ್ವ."

ಅತ್ತಿಗೆ ಇದನ್ನು ಅವ್ವನಿಗೆ ಹೇಳುತ್ತಿರಲಿಲ್ಲ, ನನಗೆ ಹೇಳುತ್ತಿದ್ದಳು. ಸೇರಿದ್ದವರೆಲ್ಲ ನನ್ನ ಕಡೆ ನೋಡಿದರು. ನಾನು ಅವ್ವನ ಕಾಲು ಹಿಡಿದುಕೊಂಡೆ. ತಣ್ಣಗಿದ್ದವು.

ಮಣ್ಣಾದ ಮೇಲೆ ಗಂಡಸರು ಸ್ನಾನ ಮಾಡಿ ಬಂದು ಚಪ್ಪರದಡಿ ಕೂತರು. ಮಾವ ಗಟ್ಟಿಯಾಗಿ, "ಏನ್ ಮಾಡದು, ಕಾರ್ ಕೈ ಕೊಡ್ತು. ಬೋಲ್ಟ್ ಮುರ್ದೋಯ್ತು" ಎನ್ನುತ್ತಿದ್ದರು. ಸುತ್ತ ಇದ್ದವರು ಲೊಚಗುಟ್ಟಿದರು. ಅಣ್ಣ ಬಾಗಿಲ ಹತ್ತಿರ ಕೂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಬಸ್ ಇರ್ನಿಲ್ವ ಕೂಸು?"

ಅಷ್ಟು ಸಾಕಾಯಿತು. "ಇತ್ತು. ಅತ್ತಾಕ್ ಬುಡ್ನಿಲ್ಲ" ಅಂದೆ. "ಬೋಲ್ಟು ಮುರೀನಿಲ್ಲ ಅಣ್ಣ, ಮುರುದ್ರು. ಆಲೆಮನೆ ಆಳುಗೋಳಿಗೆ ಮುದ್ದೆ ಮಾಡೋರಿಲ್ಲ ಅಂತ ಮಾವನೇ ಬೇಕೂಂತ ಮುರುದ್ರು."

ಚಪ್ಪರದಲ್ಲಿದ್ದವರಿಗೆಲ್ಲ ಕೇಳಿತು. ಅಣ್ಣ ನನ್ನನ್ನು ನೋಡಿದ, ಮಾವನನ್ನು ನೋಡಿದ. ಅವನ ದವಡೆ ಬಿಗಿಯಿತು, ಈಗ ಏಳುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ. ಅವನು ಎದ್ದ. ಮಾವನ ಮುಂದೆ ಹೋಗಿ ಕೈ ಜೋಡಿಸಿದ.

"ತಪ್ ತಿಳ್ಕಬ್ಯಾಡಿ ಮಾವ. ಅವ್ವ ಓದ ದುಕ್ಕದಲ್ಲಿ ಏನೇನೋ ಅಂತಾಳೆ."

ಮಾವ ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದರು. "ಇರ್ಲಿ ಬುಡಪ್ಪ, ಚಿಕ್ಕುಡ್ಗಿ. ಈಗ ಕರ್ಕಂಡ್ ಓಯ್ತೀನಿ, ಆಲೆಮನೆ ಅದೆ. ಮೂರ್ನೇ ದಿನ ಗುಡ್ಡೆಗೆ ಆಲುತುಪ್ಪ ಬುಡಾಕ್ ಕರ್ಕಂಡ್ ಬತ್ತೀನಿ" ಅಂದರು.

ತಾಯಿ ಮಣ್ಣಾದ ದಿನವೇ ಹೆಣ್ಣುಮಗಳನ್ನು ತವರಿನಿಂದ ಎಬ್ಬಿಸಿಕೊಂಡು ಹೋಗುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಯಾರಾದರೂ ಒಬ್ಬರು ಬೇಡ ಅನ್ನಲಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ನೆಲ ನೋಡುತ್ತಿದ್ದರು. ನಮ್ಮಣ್ಣ ನನ್ನ ಬ್ಯಾಗನ್ನು ತಾನೇ ಎತ್ತಿಕೊಂಡು ಮುಂದೆ ಹೋಗಿ ಕಾರಿನ ಬಾಗಿಲು ತೆಗೆದ. ನಾನು ಕೂತ ಮೇಲೆ, ಸೆರಗು ಸಿಕ್ಕಿಕೊಳ್ಳದ ಹಾಗೆ ಒಳಗೆ ತಳ್ಳಿ, ಬಾಗಿಲು ಹಾಕಿದ.