ಭಟ್ಟಿಯ ಹಿಂದಿನ ಗೋಡೆ

ಬೇಕರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಮಾಲೀಕ ವಯಸ್ಸಿನಲ್ಲಿ ಹಿರಿಯನಾದರೂ ಹಾಗೇ ಕರೆಯುತ್ತಿದ್ದ. ಹಿಟ್ಟು ನಾದಲು ಬಂದವಳು ಹೆಂಗಸರ ಮೇಲ್ವಿಚಾರಣೆಗೆ ಏರಿದ್ದಳು. ಹುಷಾರಿಲ್ಲ ಎಂದು ಮನೆಯಲ್ಲಿ ಕೂತವಳಲ್ಲ. ತಿಂಗಳ ಆ ದಿನಗಳು ಅವಳಿಗೆ ಸದ್ದಿಲ್ಲದೆ ಬಂದು ಹೋಗುತ್ತಿದ್ದವು, ಕಡೆಗೆ ಸದ್ದಿಲ್ಲದೆಯೇ ನಿಂತಿದ್ದವು. ಅದೊಂದು ಅದೃಷ್ಟ ಎಂದು ಅವಳಿಗೆ ಎಂದೂ ಹೊಳೆಯಲಿಲ್ಲ. ತನ್ನ ಸಾಧನೆ ಎಂದೇ ತಿಳಿದಿದ್ದಳು. ಯಾರಾದರೂ ಹೊಟ್ಟೆ ಹಿಡಿದುಕೊಂಡರೆ, ಮೈದಾ ಮೂಟೆ ಕಂಡ ಕೂಡಲೇ ನಿನಗೆ ನೋವು ಶುರುವಾಗುತ್ತದಲ್ಲ ಎಂದು ಎಲ್ಲರೆದುರು ಹಂಗಿಸುವಳು.

ಭಟ್ಟಿಯ ಹಿಂಬದಿಯ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿಗೆ ಹೋಗಿ, ಸೊಂಟ ಆನಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು ಬರುತ್ತಿದ್ದರು. ಯಾಕೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ದೊಡ್ಡಕ್ಕನ ಕಣ್ಣಿಗೆ ಅದು ಶುದ್ಧ ಮೈಗಳ್ಳತನ. ಗೋಡೆಗೆ ಒರಗುವುದಕ್ಕೆ ಸಂಬಳವಿಲ್ಲ ಎಂದು ಹೇಳಿ, ಖಾಲಿ ಟ್ರೇಗಳ ಕಬ್ಬಿಣದ ಸ್ಟ್ಯಾಂಡುಗಳನ್ನು ಅಲ್ಲಿಗೆ ತಳ್ಳಿಸಿಬಿಟ್ಟಳು. ಹೆಂಗಸರು ತಮ್ಮ ತಮ್ಮಲ್ಲೇ ಗೊಣಗಿಕೊಂಡು ಸುಮ್ಮನಾದರು.

ಅಷ್ಟರಲ್ಲಿ, ಬ್ರೆಡ್ಡು ಕಡಿಮೆ ಬರುತ್ತಿದೆ ಎಂದು ಅಂಗಡಿಯವರ ದೂರು ಶುರುವಾಯಿತು. (ಆ ಕೊರತೆ ಅಂಗಡಿಗಳಿಗೆ ಸಾಗಿಸುವ ಗಾಡಿಗಳಲ್ಲೇ ಆಗುತ್ತಿತ್ತೆಂದು ಬಹಳ ಆಮೇಲೆ ತಿಳಿಯಿತು.) ಒಳಗಿನವರೇ ಯಾರೋ ಕೈಯಾಡಿಸುತ್ತಿದ್ದಾರೆ, ಸಿಕ್ಕವರನ್ನು ಅವತ್ತೇ ಮನೆಗೆ ಕಳಿಸಿ ಎಂದ ಮಾಲೀಕ.

ಒಂದು ಬೆಳಿಗ್ಗೆ ಗಾಡಿಗಳಿಗೆ ಬ್ರೆಡ್ಡು ತುಂಬುತ್ತಿದ್ದರು. ಟ್ರೇ ತೊಳೆಯುವ ಹುಡುಗಿ, ಎಲ್ಲರ ಬಾಯಲ್ಲಿ ಗುಬ್ಬಿ, ಗಾಡಿಯಿಂದ ಖಾಲಿ ಟ್ರೇ ತರಲು ಬೆನ್ನು ಬಗ್ಗಿಸಿಕೊಂಡು ಬಾಗಿಲ ಕಡೆ ಹೊರಟಿದ್ದಳು. ಏಪ್ರನ್ನಿನ ಮೇಲೆ ಕೈ ಕಟ್ಟಿಕೊಂಡಿದ್ದಳು; ಕೈ ಕೆಳಗೆ ಏನೋ ಉಬ್ಬಿಕೊಂಡಿತ್ತು. ದೊಡ್ಡಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಎತ್ತು ಏಪ್ರನ್ನು."

"ಬೇಡ ದೊಡ್ಡಕ್ಕ. ಒಳಗೆ ಬನ್ನಿ, ಹೇಳ್ತೀನಿ."

"ಹೇಳೋದೇನು? ಇಲ್ಲೇ ತೋರಿಸು."

ಹುಡುಗಿ ಕದಲಲಿಲ್ಲ. ದೊಡ್ಡಕ್ಕನೇ ಎಳೆದಳು. ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡೊಂದು ನೆಲಕ್ಕೆ ಬಿತ್ತು. ಮೇಲ್ಭಾಗ ಸೀದು ಕಪ್ಪಾದದ್ದು, ಮಾರಲಾಗದೆಂದು ಬದಿಗಿಟ್ಟದ್ದು, ಇನ್ನೂ ಹಬೆಯಾಡುತ್ತಿತ್ತು. ಗುಬ್ಬಿ ಕಾಳು ಬಿಟ್ಟು ಬ್ರೆಡ್ಡಿಗೇ ಬಾಯಿ ಹಾಕಿತಲ್ಲಪ್ಪ ಎಂದ ಒಬ್ಬ ಡ್ರೈವರು. ಉಳಿದವರು ಕಿಸಕ್ಕನೆ ನಕ್ಕರು.

"ಕದ್ದಿದ್ದಲ್ಲ," ಎಂದಳು ಹುಡುಗಿ, ತಲೆ ಎತ್ತದೆ. "ಮುಟ್ಟಾಗಿದ್ದೀನಿ. ಹೊಟ್ಟೆಗೆ ಶಾಖ ಬೇಕಿತ್ತು. ಗೋಡೆ ಹತ್ರ ಈಗ ಜಾಗ ಇಲ್ವಲ್ಲ."

ನಗು ನಿಂತಿತು. ಡ್ರೈವರುಗಳು ಇಲ್ಲದ ಅವಸರ ತಂದುಕೊಂಡು ಟ್ರೇ ಎತ್ತತೊಡಗಿದರು. ಹುಡುಗಿ ಬ್ರೆಡ್ಡು ಎತ್ತಿ ಮೇಜಿನ ಮೇಲಿಟ್ಟು ಒಳಗೆ ಹೋದಳು. ದೊಡ್ಡಕ್ಕ ಅವಳ ಕಡೆ ನೋಡಲಾರದೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಸುದ್ದಿ ಮಾಲೀಕನಿಗೆ ಮುಟ್ಟಿತು. ಅರ್ಧ ಸುದ್ದಿ ಮಾತ್ರ: ಬ್ರೆಡ್ಡಿನೊಂದಿಗೆ ಸಿಕ್ಕಿಬಿದ್ದಳು ಎಂಬಷ್ಟು. ಹುಡುಗಿಯ ಲೆಕ್ಕ ಚುಕ್ತಾ ಮಾಡಿ ಕಳಿಸಿ ಎಂದ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹುಡುಗಿ ಹೋಗುತ್ತಾಳೆ, ಅವಳ ಮುಖ ದಿನಾ ನೋಡುವುದೂ ತಪ್ಪುತ್ತದೆ ಎಂದು ದೊಡ್ಡಕ್ಕನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳು ಇನ್ನಷ್ಟು ಕುಗ್ಗಿಹೋದಳು.

"ಅವಳು ಕಳ್ಳಿ ಅಲ್ಲ," ಎಂದಳು. "ಮುಟ್ಟಿನ ನೋವಿಗೆ ಬಿಸಿ ಹುಡುಕಿದ್ಲು ಅಷ್ಟೆ. ಇದ್ದ ಜಾಗ ಮುಚ್ಚಿಸಿದ್ದು ನಾನು. ಗಂಡಸರ ಮುಂದೆ ಅವಳ ಮಾನ ಕಳೆದಿದ್ದೂ ನಾನೇ."

ಗಂಡಸಿನೆದುರು ಮುಟ್ಟು ಎಂಬ ಶಬ್ದ ಆಡಿದ್ದು ಅವಳ ಜೀವಮಾನದಲ್ಲೇ ಮೊದಲು. ಮಾಲೀಕ ಮೇಜಿನ ಮೇಲಿನ ಕನ್ನಡಕವನ್ನು ಅತ್ತ ಇತ್ತ ಸರಿಸಿ, ಆಯ್ತಾಯ್ತು, ನೀವೇ ನೋಡ್ಕೊಳ್ಳಿ ಎಂದ.

ದೊಡ್ಡಕ್ಕ ಯಾರನ್ನೂ ಕರೆಯದೆ, ತಾನೇ ಸ್ಟ್ಯಾಂಡುಗಳನ್ನು ಗೋಡೆಯಿಂದ ಎಳೆದಳು. ಹೆಂಗಸರು ಹಿಟ್ಟಿನಿಂದ ಕಣ್ಣೆತ್ತಲಿಲ್ಲ. ಹುಡುಗಿ ಟ್ರೇ ತೊಳೆಯುತ್ತ ನಿಂತಿದ್ದಳು. ತಪ್ಪಾಯಿತು ಎನ್ನಲು ಹೋಗಿದ್ದ ದೊಡ್ಡಕ್ಕನ ಬಾಯಲ್ಲಿ ಅಭ್ಯಾಸದ ಆಜ್ಞೆಯೇ ಬಂತು.

"ಹೋಗು, ಅಲ್ಲಿ ಸ್ವಲ್ಪ ಹೊತ್ತು ನಿಂತ್ಕೋ."

"ಬೇಡ. ಈಗ ನೋವಿಲ್ಲ," ಎಂದಳು ಹುಡುಗಿ. ತುಟಿ ಬಿಳಿಚಿತ್ತು, ಒಂದು ಕೈ ತೊಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

ತಾನು ಇಲ್ಲಿರುವಷ್ಟು ಹೊತ್ತು ಯಾರೂ ಆ ಗೋಡೆಯ ಹತ್ತಿರ ಹೋಗುವುದಿಲ್ಲ ಎಂದು ದೊಡ್ಡಕ್ಕನಿಗೆ ಅರ್ಥವಾಯಿತು. ಅವಳು ಅಂಗಳಕ್ಕೆ ನಡೆದಳು. ಬೀಡಿ ಸೇದುತ್ತಿದ್ದ ಡ್ರೈವರುಗಳು ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದರು. ಮಾಡಲು ಅಲ್ಲಿ ಏನೂ ಕೆಲಸವಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಬಿಸಿಲಲ್ಲಿ ನಿಂತಳು. ಒಳಗೆ ಹೆಜ್ಜೆ ಸದ್ದಾದಾಗಲೂ ತಿರುಗಿ ನೋಡಲಿಲ್ಲ.