ದಿಂಬು ಎತ್ತಿ ನೋಡುವ ಡಾಕ್ಟರು

ಹುಣಸೂರಿನ ಡಾಕ್ಟರ್ ಪರಶಿವಮೂರ್ತಿಗಳು ರೌಂಡ್ಸಿಗೆ ಹೊರಟರೆ ಮೊದಲು ಹಿಡಿಯುವುದು ರೋಗಿಯ ನಾಡಿಯನ್ನಲ್ಲ, ದಿಂಬನ್ನು. ಅದರಡಿ ಕಾವಿಗಿಟ್ಟ ಮೊಟ್ಟೆಗಳಂತೆ ನೆಂಟರು ತಂದ ಟಾನಿಕ್ ಬಾಟಲಿಗಳಿರುತ್ತವೆ. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಎನ್ನುವ ಸೀಮೆ ಇದು. ಹಾಗಾಗಿ ಬಾಯಾರಿಕೆ, ಮಲಬದ್ಧತೆ, ಮಂಪರು ಎಂದು ಯಾರು ಬಂದರೂ ಅವರು ನಿಟ್ಟುಸಿರಿಟ್ಟು, "ಶಕ್ತಿಸೂಜಿ ಎಷ್ಟು ಹಾಕಿಸ್ಕೊಂಡೆ?" ಎಂದು ಕೇಳುತ್ತಾರೆ, ರಕ್ತವನ್ನು ಮೈಸೂರಿನ ಬಸ್ಸು ಹತ್ತಿಸುತ್ತಾರೆ, ಸೂಜಿಯ ವಿಟಮಿನ್ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆ ಎಂಬ ಉತ್ತರ ಬರುವ ಮೊದಲೇ ಸಲೈನ್ ಏರಿಸಿರುತ್ತಾರೆ. ಮೊನ್ನೆ ಮಂಡಿನೋವಿನ ಸುಂದ್ರಮ್ಮ ಗಂಡನ ಗುರುತೂ ಸಿಗದ ಸ್ಥಿತಿಯಲ್ಲಿ ಬಂದಳು. "ಯಾವ ಪುಣ್ಯಾತ್ಮನಯ್ಯ ಇವಳಿಗೆ ಸೂಜಿ ಬರೆದುಕೊಟ್ಟವನು?" ಎಂದು ಡಾಕ್ಟರು ಗುಡುಗಿದರು. ಗಂಡ ಲಿಂಗಣ್ಣ ಜೇಬಿನಿಂದ ಸವೆದ ಚೀಟಿ ತೆಗೆದ. "ತಾವೇ ಕಣ್ ಸ್ವಾಮಿ, ಓದ್ ವರ್ಸ. ಒಂದ್ ವಾರಾನೂ ತಪ್ಪಿಸ್ದಂಗೆ ಆಕ್ಸಿವ್ನಿ." ವಿಟಮಿನ್ ಡಿ, ವಾರಕ್ಕೊಂದು ಎಂದು ಅವರದೇ ಅಕ್ಷರ; ಎಷ್ಟು ವಾರ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಮುಂದಿನ ಐದು ದಿನ ಡಾಕ್ಟರು ಊಟಕ್ಕೂ ಮನೆಗೆ ಹೋಗದೆ, ಸಲೈನ್ ಹನಿಯನ್ನು ನರ್ಸಿಗೂ ಬಿಡದೆ ತಾವೇ ನೋಡಿಕೊಂಡರು. ಆರನೆಯ ಬೆಳಿಗ್ಗೆ ಸುಂದ್ರಮ್ಮ ಕಣ್ಣು ಬಿಟ್ಟು, "ಇದ್ಯಾಕ್ ಇಂಗ್ ಸೊರಗೋಗಿದೀರಿ, ಉಂಡಿಲ್ವಾ?" ಎಂದು ಗಂಡನನ್ನು ಕೇಳಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಬಲು ಸುಸ್ತು ಕಣ್ ಸ್ವಾಮಿ, ಒಂದ್ ಶಕ್ತಿಸೂಜಿ ಆಕ್ಬುಡಿ" ಎಂದಳು. ಡಾಕ್ಟರು ಲೋಟದಲ್ಲಿ ನೀರು ತುಂಬಿ ಅವಳ ಕೈಗಿಟ್ಟು, "ತಪ್ಪಾಯ್ತು ಕಣಮ್ಮ, ಇದನ್ನ ಕುಡಿ" ಎಂದರು.